ಟೇಲರ್ ಕಾಕಾನ ನೀರಿನ ಮಷೀನು

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಕಾಕಾ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು. ಒಸಡು ಬಾತು ಹಲ್ಲು ಅಲುಗಾಡತೊಡಗಿದಾಗ, ಹಲ್ಲಿನ ಸಂದಿಗೆ ನೀರು ಚಿಮ್ಮಿಸುವ ಮಷೀನು ತರಿಸಿಕೊಳ್ಳಲು ಡಾಕ್ಟರು ಹೇಳಿದರು. ಅದನ್ನು ಬಳಸಿದ ಮೊದಲ ದಿನವೇ ಕಾಕಾ, ಉಗುಳಿದ ಕೆಂಪು ನೀರನ್ನು ಲೋಟದಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

“ಇದು ಹಲ್ಲ ಉಳಸತೈತೋ, ತಗೀತೈತೋ? ನನಗೊಂದೂ ತಿಳೀವಲ್ದು.”

ಇಬ್ಬರೂ ದವಾಖಾನೆಗೆ ಹೋದೆವು.

“ನೀರಿನ ಜೋರ ಕಡಿಮಿ ಇಡ್ರಿ, ಆದ್ರ ಬಿಡಬ್ಯಾಡ್ರಿ. ಬ್ರಶ್ಶೂ ಮಾಡ್ರಿ,” ಎಂದರು ಡಾಕ್ಟರು.

ಎರಡು ವಾರಕ್ಕೆ ರಕ್ತ ನಿಂತಿತು. ಮತ್ತೆ ಇಬ್ಬರೂ ಹೋದಾಗ ಕಾಕಾ ಡಾಕ್ಟರನ್ನು ಕೇಳಿದರು: “ಈಗ ರಕ್ತ ಬರೂದಿಲ್ಲ. ಈಗರ ಬಿಡ್ಲೇನ್ರಿ?”

“ಹಲ್ಲ ಇರೂತನಕ ಬಿಡಬ್ಯಾಡ್ರಿ.”

ಕಾಕಾ ನನ್ನತ್ತ ತಿರುಗಿದರು. “ಅಂದ್ರ, ಇದನ್ನ ಬಿಡಬೇಕಂದ್ರ ಹಲ್ಲ ಬೀಳಬೇಕು?”