ನೀರಿನಲ್ಲಿ ಬರೆದ ಲೆಕ್ಕ

ಸರ್ ಅವರ ಬಲಗೈಯ ತೋರುಬೆರಳು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಪಕ್ಕದಲ್ಲಿ ನೀರಿನ ತಂಬಿಗೆ, ಎದುರಿಗೆ ಮನೆಮುಂದಿನ ಕಟ್ಟೆಯ ಕರಿಕಲ್ಲು. ಬೆರಳು ಅದ್ದಿ ಕಲ್ಲಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮೇಲಿನದು ಆರಿರುತ್ತಿತ್ತು.

ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಅವರು ನಮ್ಮ ಅಕ್ಕೋಳಕ್ಕೆ ಮರಳಿದ್ದರು. ಎಂಬತ್ತರ ದಶಕದ ಕೊನೆ. ನಾನು ನಿಪ್ಪಾಣಿಗೆ ಬಸ್ಸಿನಲ್ಲಿ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಎರಡನೆಯ ವರ್ಷ ಗಣಿತದ ಒಂದು ಪತ್ರಿಕೆಯಲ್ಲಿ ನಾಪಾಸಾದೆ. ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಪ್ರಶ್ನೆಯನ್ನು ಸ್ವಲ್ಪ ತಿರುವಿ ಕೇಳಿದ್ದರು. ಅಪ್ಪ ಸಿಟ್ಟಾಗಲಿಲ್ಲ. "ಅಕ್ಟೋಬರ್‌ದಾಗ ಪಾಸಾದ್ರ ಓದು. ಆಗಲಿಲ್ಲಂದ್ರ ಸಾಕ ಮಾಡೂನು," ಎಂದರು. ರಾಯಬಾಗ ಕಡೆಯ ಕಬ್ಬಿನ ಹೊಲದ ಮನೆತನವೊಂದು ಆಗಲೇ ಸೊಸೆ ಮಾಡಿಕೊಳ್ಳಲು ನನ್ನನ್ನು ನೋಡಿ ಹೋಗಿತ್ತು.

ಪಾಠ ಹೇಳಿಸಿಕೊಳ್ಳಲು ಅವರ ಕಟ್ಟೆಗೆ ಹೋದ ಮೊದಲ ದಿನ ಪುಸ್ತಕ ತೆರೆದು ತೋರಿಸಿದೆ. ಅವರು ಅದನ್ನು ಮುಚ್ಚಿದರು. "ಎಲ್ಲಿ ಸಿಕ್ಕೊಂಡಿ, ಅಷ್ಟ ಹೇಳು ತಂಗಿ."

ಎಲ್ಲಿ ಎಂಬುದೇ ನನಗೆ ಗೊತ್ತಿರಲಿಲ್ಲ. ಲಿಮಿಟ್ ಪಾಠದಲ್ಲಿ ಬರುವ ಗ್ರೀಕ್ ಅಕ್ಷರಗಳನ್ನು, ಎಪ್ಸಿಲಾನ್, ಡೆಲ್ಟಾ ಎಂದು ತೊದಲಿದೆ. ಅವರು ಕಲ್ಲಿನ ಮೇಲೆ ಎಪ್ಸಿಲಾನ್ ಬರೆದರು.

"ಇದನ್ನ ಕೊಡಾವ್ರು ಯಾರು?"

"ನಾವರಿ, ಸರ್."

"ನಾವಲ್ಲ, ಎದುರಿನಂವ. ತಂಬಾಕದ ಪ್ಯಾಟ್ಯಾಗ ನಿಮ್ಮಪ್ಪ ಏನ ಮಾಡ್ತಾನ? ವ್ಯಾಪಾರಿ ಬಾಯಿ ಬಿಡೂತನಕ ಸುಮ್ಮ ಕುಂದರ್ತಾನಿಲ್ಲೊ? ಉತ್ತರಕ್ಕ ಎಷ್ಟ ಹತ್ತರ ಬರಬೇಕು ಅಂತ ಮೊದಲ ಅಂವ ಹೇಳಲಿ, ಅದ ಎಪ್ಸಿಲಾನ್. ಆಮ್ಯಾಲ ನೀ ನಿನ್ನ ಡೆಲ್ಟಾ ತಗಿ. ಮೊದಲ ನೀನ ಬಾಯಿ ಬಿಟ್ಟಿ, ಅದಕ್ಕ ಸಿಕ್ಕೊಂಡಿ."

ಅವರ ಹೆಂಡತಿ ಕೊಲ್ಲಾಪುರ ಕಡೆಯವರು, ಮರಾಠಿ ಬೆರೆಸಿ ಮಾತಾಡುವವರು. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಛೇಡಿಸುತ್ತಿದ್ದರು: "ಅಹೋ, ಪೋರಿಗೆ ಒಂದ ಹಾಳಿಯರ ಕೊಡ್ರಿ. ನಿಮ್ಮ ಶಾಣ್ಯಾತನ ಎಲ್ಲಾ ಕಟ್ಟಿ ಮ್ಯಾಲ ಆರಿ ಹೋಗಾಕತ್ತೈತಿ."

"ಹೋಗಲಿ. ಆಕಿ ತಲ್ಯಾಗ ಉಳಿದ್ರ ಸಾಕು."

ಒಂದು ಸಂಜೆ ನಾನು ಗಡಿಬಿಡಿಯಿಂದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳತೊಡಗಿದೆ. ಅವರು ಬೈಯಲಿಲ್ಲ. ತಂಬಿಗೆಯ ನೀರನ್ನೆಲ್ಲ ಕಲ್ಲಿನ ಮೇಲೆ ಸುರುವಿದರು. ಕಲ್ಲು ಆರುವತನಕ ಸುಮ್ಮನೆ ಕೂತಿದ್ದು, "ಈಗ ನೀ ಬರಿ, ನಾ ನೋಡತೇನಿ," ಎಂದರು. ನಡುವೆ ನಾನು ತಡವರಿಸಿದಾಗ ನನ್ನ ಮುಖ ನೋಡದೆ ರಸ್ತೆ ನೋಡಿದರು. ಮುಗಿಸಿದಾಗ ಒಳಗೆ ಕೂಗಿ ಹೇಳಿದರು: "ಚಾ ಇಡು. ಇಬ್ಬರಿಗೂ."

ಅಕ್ಟೋಬರ್ ಪರೀಕ್ಷೆಯಲ್ಲೂ ಪ್ರಶ್ನೆ ತಿರುವಿಯೇ ಬಂದಿತ್ತು. ಪೆನ್ನು ಎತ್ತದೆ, ಎದುರಿನವನು ಕೇಳುತ್ತಿರುವುದು ಏನೆಂದು ತಿಳಿಯುವವರೆಗೆ ಕೂತೆ. ಆಮೇಲೆ ಬರೆದೆ. ಪಾಸಾದೆ. ರಾಯಬಾಗದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ, ಮುಂದೆ ಎಂ.ಎಸ್ಸಿ.ಗೆ ಧಾರವಾಡಕ್ಕೆ ತಾವೇ ಬಿಟ್ಟುಬಂದರು.

ಸರ್ ತೀರಿಕೊಂಡಾಗ ನಾನು ಚಿಕ್ಕೋಡಿಯಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ತಿಳಿದು ಅಕ್ಕೋಳಕ್ಕೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೊರಗೆ ನೋಡಿದರು. "ಕಟ್ಟಿ ಹೆಂಗ ಆರೇತಿ ನೋಡ ಪೋರಿ," ಎಂದರು.

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ ಹೇಳಿದಳು, "ಮೇಡಂ, ಉತ್ತರ ಬರದ ಬಿಡ್ರಿ, ಇಳಿಸ್ಕೋತೇವಿ." ಎಲ್ಲರಿಗೂ ಪೆನ್ನು ಕೆಳಗಿಡಲು ಹೇಳಿದೆ. ಮೇಜಿನ ಮೇಲಿದ್ದ ನೀರಿನ ಲೋಟದಲ್ಲಿ ಬೆರಳು ಅದ್ದಿ, ಕರಿಹಲಗೆಯ ಮೇಲೆ ಎಪ್ಸಿಲಾನ್ ಬರೆದೆ.