ಪಡಸಾಲೆಯ ತನಕದ ವೀಸಾ

ಸವಣೂರಿನಿಂದ ಬಂದವರೊಬ್ಬರು ಅಲ್ಲಿಯ ಹೆಸರಾದ ಕುರುಕಲು ಖಾರ ತಂದುಕೊಟ್ಟಿದ್ದರು. ಖಾರವನ್ನು ಡಬ್ಬಿಗೆ ಸುರುವಿ, ಪೊಟ್ಟಣದ ಎಣ್ಣೆಗಾಗದವನ್ನು ಬಿಡಿಸಿ ಓದತೊಡಗಿದೆ. ಇದು ನನ್ನ ಹಳೆಯ ಚಟ. ದುಡ್ಡು ಕೊಟ್ಟು ತಂದ ಪತ್ರಿಕೆಯನ್ನು ನಾನು ಅಷ್ಟು ಮನಸ್ಸಿಟ್ಟು ಓದಿದವನಲ್ಲ. ಯಾವುದೋ ದೇಶ ತನ್ನ ವಲಸೆ ಕಾಯ್ದೆಯನ್ನು ತಿದ್ದಲು ಹೊರಟಿದೆಯಂತೆ. ಕ್ರಮಬದ್ಧವಾಗಿ ಒಳಗೆ ಬರುವವರಿಗೆ ಓದಿಗಿಷ್ಟು, ವಯಸ್ಸಿಗಿಷ್ಟು, ಭಾಷೆಗಿಷ್ಟು ಎಂದು ಅಂಕ ಕೊಡಬೇಕೆಂಬುದು ಒಬ್ಬ ಪಂಡಿತರ ವಾದ. ವಾದದ ಉಳಿದ ಭಾಗ ಎಣ್ಣೆಯಲ್ಲಿ ಅಳಿಸಿಹೋಗಿತ್ತು. ನಮ್ಮ ಫಾತಿಮಾ ಫೂಫಿಗೆ ಎಷ್ಟು ಅಂಕ ಬೀಳುತ್ತಿದ್ದವೋ ಎಂದು ಯೋಚಿಸುತ್ತ ಕುಳಿತೆ.

ಫೂಫಿ ಎಂದರೆ ಸೋದರತ್ತೆ. ನನಗಲ್ಲ, ಹುಲಗೂರಿನ ಕರೀಮಸಾಬರ ಮಗಳು ಮುಮ್ತಾಜಳಿಗೆ. ಕರೀಮಸಾಬರು ನಮ್ಮ ಅಪ್ಪನ ಕಕ್ಷಿದಾರರು. ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಬಂದು ಕೂರದ ಸಂತೆಯ ದಿನವಿರಲಿಲ್ಲ. ಅವರ ಅಕ್ಕ ಫಾತಿಮಾ ಮದುವೆಯಾಗಿ ಕರಾಚಿ ಸೇರಿದ್ದರು. ಯುದ್ಧದ ನಂತರ ಮುಚ್ಚಿದ್ದ ವೀಸಾದ ಬಾಗಿಲು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಷ್ಟಿಷ್ಟು ತೆರೆದಿತ್ತು. ಆಗ ಮುಮ್ತಾಜಳ ಲಗ್ನಕ್ಕೆಂದು ಫೂಫಿ ಬಂದರು. ಅವರ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಷಿಣ ಹಚ್ಚುವವಳು ಸೋದರತ್ತೆಯೇ. ಅಕ್ಕ ಬರಲಿ ಎಂದೇ ಕರೀಮಸಾಬರು ಲಗ್ನವನ್ನು ಮುಂದೂಡುತ್ತ ಬಂದಿದ್ದರು.

ಬಂದ ಮೇಲೆ ತೊಡಕು ಗೊತ್ತಾಯಿತು. ಆಗಿನ ಪದ್ಧತಿಯಲ್ಲಿ ವೀಸಾ ದೇಶಕ್ಕಲ್ಲ, ಊರಿಗೆ. ಅದರಲ್ಲಿ ಹೆಸರಿದ್ದ ಊರಿನಲ್ಲಷ್ಟೇ ಇರಬೇಕು, ಬಂದದ್ದನ್ನು ಠಾಣೆಗೆ ತಿಳಿಸಬೇಕು. ಫೂಫಿಯ ವೀಸಾದಲ್ಲಿದ್ದದ್ದು ಸವಣೂರು ಮಾತ್ರ. ಹುಲಗೂರಿನ ಆ ಕಾಲದ ಹಿರಿಯರಿಗೆ ನವಾಬರ ಸವಣೂರೇ ಊರು. ಪರಸ್ಥಳದವರು ಕೇಳಿದರೆ 'ನಮ್ದು ಸವಣೂರ್ರಿ' ಎಂದೇ ಹೇಳುತ್ತಿದ್ದರು, ಹುಲಗೂರು ಅದರದೇ ಒಂದು ಓಣಿ ಅನ್ನುವ ಹಾಗೆ. ಫೂಫಿಯೂ ಕರಾಚಿಯಲ್ಲಿ ಹಾಗೆಯೇ ಬರೆಸಿದ್ದರು. ಸರಕಾರದ ನಕಾಶೆಯಲ್ಲಿ ಮಾತ್ರ ಹುಲಗೂರು ಶಿಗ್ಗಾಂವಿ ತಾಲ್ಲೂಕಿನಲ್ಲಿತ್ತು. ನಮ್ಮ ಪಕ್ಕದ ಮನೆಯ ನೆಂಟರಲ್ಲಿ ಇಳಿದಿದ್ದ ಫೂಫಿ ಹುಲಗೂರಿನ ಬಸ್ಸನ್ನು ದಿನವೂ ನೋಡುತ್ತಿದ್ದರು, ಹತ್ತುವಂತಿರಲಿಲ್ಲ.

ಠಾಣೆಯ ಫೌಜದಾರರು ಒಳ್ಳೆಯವರು. "ನನ್ನ ಕೈಯಾಗಿಲ್ರಿ ತಾಯಿ. ಊರು ಸೇರಸೂದು ಮ್ಯಾಲಿನವರ ಕೆಲಸ" ಎಂದು ಹೇಳಿ, ಚಹಾ ಕುಡಿಸಿ ಕಳಿಸಿದರು.

ಆಗ ನಾನು ಹೊಸ ವಕೀಲ. ಅಪ್ಪನ ಕೈಕೆಳಗೆ ಸೇರಿ ಕರಿ ಕೋಟಿನ ಮಡಿಕೆ ಕೂಡ ಹೋಗಿರಲಿಲ್ಲ. ಇಂಥ ಅವಕಾಶಕ್ಕಾಗಿಯೇ ನಾನು ಹುಟ್ಟಿದ್ದೇನೆ ಅನಿಸಿತು. ಮೇಲಿನವರಿಗೆ ಉದ್ದನೆಯ ಅರ್ಜಿಯೊಂದನ್ನು ಬರೆದೆ. ಊರುಗಳ ಹೆಸರು ಹಿಡಿದು ಕೂರುವ ಈ ಪದ್ಧತಿಯನ್ನೇ ಬದಲಿಸಬೇಕು, ರಕ್ತಸಂಬಂಧವೇ ಪ್ರವೇಶಕ್ಕೆ ಆಧಾರವಾಗಬೇಕು ಎಂದೆಲ್ಲ ವಾದಿಸಿದೆ. ಹುಲಗೂರಿನ ಹೆಸರು ಎಲ್ಲೋ ಕೊನೆಗೆ ಬಂತು. ಅಪ್ಪ ಓದಿ ಕನ್ನಡಕ ತೆಗೆದರು.

"ದೇಶದ ಕಾಯ್ದೆ ತಿದ್ದಲಿಕ್ಕೆ ಹೊಂಟೀಯೋ, ಮುಮ್ತಾಜನ ಲಗ್ನ ಮಾಡಲಿಕ್ಕೋ?"

ಹಾಗೆಂದರೂ ಅರ್ಜಿಯನ್ನು ಕಳಿಸಿದರು. ಉತ್ತರ ಬರಲಿಲ್ಲ, ಲಗ್ನದ ದಿನ ಹತ್ತಿರ ಬಂತು. ಒಂದು ಸಂತೆಯ ದಿನ ಕರೀಮಸಾಬರು ಮಗಳನ್ನೂ ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕುಳಿತು, "ಅಕ್ಕನ ಕೈಲೆ ಅರಿಷಿಣ ಹಚ್ಚಿಸಿಕೊಳ್ಳೂ ನಸೀಬ ಇದಕ್ಕಿಲ್ಲ ಬಿಡ್ರಿ" ಎಂದು ಕಣ್ಣೊರೆಸಿಕೊಂಡರು.

ಕಂಬಕ್ಕೆ ಒರಗಿ ನಿಂತಿದ್ದ ಮುಮ್ತಾಜ್ ಥಟ್ಟನೆ ತಂದೆಯ ಕಡೆ ತಿರುಗಿ, "ಅಬ್ಬಾ, ಸವಣೂರಿಗೆ ಬರಾಕ ನನಗೇನು ವೀಸಾ ಬೇಕಾ? ಇಲ್ಲೇ ಹಚ್ಚಲಿ" ಎಂದಳು.

ನಾವು ಇಬ್ಬರು ವಕೀಲರು ಮುಖ ಮುಖ ನೋಡಿಕೊಂಡೆವು.

"ಹಚ್ಚಿದ ಮ್ಯಾಲ ನೀ ಹೊಸ್ತಲಾ ದಾಟಂಗಿಲ್ಲವ್ವಾ. ನಿಖಾನೂ ಇಲ್ಲೇ ಆಗಬೇಕಾಕ್ಕೇತಿ. ಆ ಒಂದ ಖೋಲಿಯಾಗ ಹೆಂಗ ಮಾಡೂನು?" ಎಂದರು ಕರೀಮಸಾಬರು. ಪಕ್ಕದ ಮನೆಯಲ್ಲಿದ್ದದ್ದು ಒಂದೇ ಕೋಣೆ.

ಒಳಗಿನಿಂದ ಅವ್ವನ ದನಿ ಬಂತು: "ನಮ್ಮ ಪಡಸಾಲಿ ಅದಲ್ಲ. ಅಡಿಗಿ ಮಾತ್ರ ಬಾಜೂ ಮನಿ ಹಿತ್ತಲದಾಗ ಮಾಡಿಕೊಳ್ಳಲಿ."

ಅವ್ವನ ಮಡಿಯ ಬಗ್ಗೆ ನಿಮಗೆ ಹೇಳಲೇಬೇಕು. ನಮ್ಮದು ಮಠದ ಶಿಷ್ಯರ ಮನೆತನ, ಮನೆಯಲ್ಲಿ ನಡೆಯುತ್ತಿದ್ದದ್ದೂ ವೀಸಾ ಪದ್ಧತಿಯೇ. ಕಟ್ಟೆಯ ತನಕ ಕೆಲವರು, ಪಡಸಾಲೆಯ ತನಕ ಕೆಲವರು. ಕರೀಮಸಾಬರಿಗೆ ಪಡಸಾಲೆಯ ಖಾಯಂ ವೀಸಾ ಇತ್ತು. ಅಡಿಗೆಮನೆಯೊಳಗೆ ಮಡಿಯುಟ್ಟ ಅವ್ವ ಒಬ್ಬಳೇ. ಸ್ನಾನವಾಗದಿದ್ದರೆ ಹೆತ್ತ ಮಗನನ್ನೂ ಬಾಗಿಲಲ್ಲೇ ತಡೆಯುತ್ತಿದ್ದಳು. ಕೋರ್ಟಿನಲ್ಲಿ ಗುಡುಗುವ ಅಪ್ಪ ಅಲ್ಲಿ ನಿಂತು ಒಂದು ತಂಬಿಗೆ ನೀರಿಗೆ ಮೆಲ್ಲಗೆ ವಿನಂತಿ ಮಾಡಿಕೊಳ್ಳುತ್ತಿದ್ದರು.

ಅರಿಷಿಣದ ದಿನ ಹುಲಗೂರಿನ ಹೆಂಗಸರೆಲ್ಲ ಬಂದಿಳಿದರು. ಫೂಫಿ ಹಿಂದಿನ ದಿನವೇ ಅರಿಷಿಣದ ಕೊಂಬು ನೆನೆಹಾಕಿದ್ದರು. ಅದನ್ನು ರುಬ್ಬುವವಳೂ ಸೋದರತ್ತೆಯೇ ಆಗಬೇಕು. ಪಕ್ಕದ ಮನೆಯಲ್ಲಿ ಒಳಕಲ್ಲಿರಲಿಲ್ಲ. ನಮ್ಮ ಒಳಕಲ್ಲು ಅಡಿಗೆಮನೆಯ ನೆಲದಲ್ಲಿ ಹೂತದ್ದು, ಎತ್ತಿ ಹೊರಗೆ ತರುವಂಥದ್ದಲ್ಲ. ಇದು ಯಾರ ತಲೆಗೂ ಹೊಳೆದಿರಲಿಲ್ಲ. ಬೋಗುಣಿ ಹಿಡಿದು ಬಂದ ಫೂಫಿ ಹೊಸ್ತಿಲ ಹೊರಗೇ ನಿಂತರು.

"ಬ್ಯಾಡ್ರಿ ಬಾಯಿ. ಪ್ಯಾಟ್ಯಾಗ ಪುಡಿ ಸಿಗತೈತಿ, ಅದನ್ನ ಕಲಸಿ ಹಚ್ತೇನಿ."

ಅವ್ವ ಬೋಗುಣಿಯೊಳಗಿನ ನೆನೆದ ಕೊಂಬುಗಳನ್ನು ನೋಡಿದಳು. ಉದ್ದನೆಯ ಅರ್ಜಿ ಬರೆದ ಶೂರ ನಾನು ಬಾಯಿ ಬಿಡಲಿಲ್ಲ. ನಮ್ಮ ಮನೆಯ ಕಾಯ್ದೆಯನ್ನು ತಿದ್ದಲು ಯಾರಿಗೆ ಬರೆಯಬೇಕೆಂಬುದೂ ನನಗೆ ಗೊತ್ತಿರಲಿಲ್ಲ.

"ಅಷ್ಟ ದೂರದಿಂದ ಅಂಗಡಿ ಪುಡಿ ಹಚ್ಚಲಿಕ್ಕೆ ಬಂದೀರೇನು?" ಎಂದಳು ಅವ್ವ. "ಕಾಲು ತೊಳಕೊಂಡು ಒಳಗ ಬರ್ರಿ."

ಫೂಫಿ ಗುಂಡು ತಿರುವಿದರು, ಅವ್ವ ಎದುರು ಕುಳಿತು ಅರಿಷಿಣ ತಳ್ಳಿಕೊಟ್ಟಳು. ಇಬ್ಬರೂ ತಮ್ಮ ತಮ್ಮ ಮೊಣಕಾಲು ನೋವಿನ ಸುದ್ದಿ ಹೇಳಿಕೊಂಡರು. ಆಮೇಲೆ ಫೂಫಿ ಸೊಸೆಯ ಕೆನ್ನೆಗೆ ಅರಿಷಿಣ ಹಚ್ಚಿ ಗೋಳೋ ಎಂದು ಅತ್ತರು, ಪಡಸಾಲೆಯ ಹೆಂಗಸರೆಲ್ಲ ದನಿಗೂಡಿಸಿದರು. ಅಷ್ಟು ಜನರ ಅಳುವನ್ನು ಒಟ್ಟಿಗೆ ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಮರುದಿನ ಅವ್ವ ಅಡಿಗೆಮನೆಯನ್ನು ಶುದ್ಧಿ ಮಾಡುತ್ತಾಳೆಂದು ಕಾದಿದ್ದೆ. ಮಾಡಲಿಲ್ಲ. ಒಳಕಲ್ಲನ್ನೂ ತೊಳೆದಳೋ ಇಲ್ಲವೋ, ಊಟಕ್ಕೆ ಬಂದ ಕೊಬ್ಬರಿ ಚಟ್ನಿ ಹಳದಿಯಾಗಿತ್ತು. ಅಪ್ಪ ಅದನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ, "ಛಲೋ ಆಗ್ಯದ" ಎಂದು ಮತ್ತಷ್ಟು ಹಾಕಿಸಿಕೊಂಡರು. ನಮ್ಮ ಪಡಸಾಲೆಯಲ್ಲೇ ನಿಖಾ ಮುಗಿಸಿಕೊಂಡು ಫೂಫಿ ಕರಾಚಿಗೆ ಮರಳಿದ ಎಷ್ಟೋ ದಿನಗಳ ಮೇಲೆ ನನ್ನ ಅರ್ಜಿಗೆ ಉತ್ತರ ಬಂತು. ವಿಷಯ ಪರಿಶೀಲನೆಯಲ್ಲಿದೆಯಂತೆ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ, ಮುಮ್ತಾಜಳಿಗೆ ಫೋನು ಹಚ್ಚಿದೆ. ಅವಳನ್ನು ಕೊಟ್ಟದ್ದು ಅಕ್ಕಿಆಲೂರಿಗೆ. ಈಗ ಅವಳೂ ಅಜ್ಜಿ. ಆ ಕಡೆ ಹೋದಾಗಲೆಲ್ಲ ಅವಳ ಮನೆಗೆ ಹೋಗುತ್ತೇನೆ. ನಮ್ಮವರ ಮಡಿ ಬಲ್ಲ ಅವಳು ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ನನಗೆಂದೇ ಹೋಟೆಲ್ಲಿನಿಂದ ಚಹಾ ತರಿಸುತ್ತಾಳೆ. ನಾನೂ ಕುಡಿದು ಬರುತ್ತೇನೆ.

"ಅಣ್ಣಾರ, ಯಾವಾಗ ಬರ್ತೀರಿ?" ಎಂದಳು.

"ನಾಳೆನಽ ಬರ್ತೇನಿ. ಹೋಟೆಲ್ ಚಹಾ ತರಸಬ್ಯಾಡವಾ. ನಿನ್ನ ಅಡಿಗಿಮನಿಯಾಗ ಕುಂತು ಉಂಡು ಹೋಗ್ತೇನಿ."

"ಕಾಲು ತೊಳಕೊಂಡು ಬರ್ರಿ ಮತ್ತ" ಎಂದಳು.