ಮೊರದಿಂದ ಮಾಯವಾದ ಬೀಡಿಗಳು

ನನ್ನ ತಮ್ಮ ನನ್ನೆದುರು ಒಂದು ದಿನವೂ ಬೀಡಿ ಸೇದಿದವನಲ್ಲ. ಹಿರಿಯರ ಮುಂದೆ, ಅದರಲ್ಲೂ ಅಕ್ಕನ ಮುಂದೆ ಹೊಗೆ ಬಿಡಬಾರದು ಎಂಬುದು ನಮ್ಮ ಮನೆಯ ಮರ್ಯಾದೆ. ಆದರೆ ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವಳು ನಾನೇ. ಗಂಜಿ ಬಸಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಮೊರದಿಂದ ನಾಲ್ಕೈದು ಬೀಡಿ ಮಾಯ. ಕಟ್ಟಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುವ ಮೊದಲು ಅಷ್ಟನ್ನು ಮತ್ತೆ ಕಟ್ಟಿ ಸುಮ್ಮನಾಗುತ್ತಿದ್ದೆ. ಮುಂದೆ ಅವನು ಕಾರ್ಕಳದಲ್ಲಿ ಕಲ್ಲಿನ ಕೆಲಸಕ್ಕೆ ಸೇರಿದ. ರಜೆಗೆ ಬಂದಾಗಲೂ ಅದೇ ಕಥೆ.

ಕಳೆದ ವರ್ಷ ಅವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದಾಯಿತು. ಮಣಿಪಾಲದ ಡಾಕ್ಟರು ಮೊದಲ ದಿನವೇ, “ಬೀಡಿ, ಸಿಗರೇಟು ಉಂಟಾ?” ಎಂದು ಕೇಳಿದರು. ತಮ್ಮ ಓರೆಗಣ್ಣಿನಲ್ಲಿ ನನ್ನನ್ನು ನೋಡಿ “ಇಲ್ಲ” ಎಂದ. ಡಾಕ್ಟರು ಹಾಗೆಯೇ ಬರೆದುಕೊಂಡರು. ನಾನು ಬಾಯಿಗೆ ಬೀಗ ಹಾಕಿ ಕೂತೆ. ಅರವತ್ತು ದಾಟಿದ ಗಂಡಸಿನ ಮಾನವನ್ನು ಬೇರೆಯವರ ಮುಂದೆ ಯಾಕೆ ತೆಗೆಯುವುದು ಎಂದುಕೊಂಡೆ. ಎಂಥ ದಡ್ಡತನ ನನ್ನದು!

ಎರಡು ಕೀಮೋ ಆಯಿತು. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಕೆಮ್ಮು ಮಾತ್ರ ಹೋಗಲಿಲ್ಲ. ಆಗ ಅವನು ನಮ್ಮಲ್ಲೇ ಇದ್ದ, ನಾನು ಇನ್ನೂ ಬೀಡಿ ಕಟ್ಟುತ್ತಿದ್ದೆ. ಬಚ್ಚಲಿನ ಹಿಂದೆ ಬೀಡಿಯ ತುಂಡುಗಳು ಸಿಗುತ್ತಿದ್ದವು. ಸುತ್ತಿದ ದಾರ ನೋಡಿದರೆ ನನ್ನ ಕೈಯದೇ. ಗುಡಿಸಿ ಎಸೆಯುತ್ತಿದ್ದೆ.

ಮೂರನೆಯ ಸಲ ಹೋದಾಗ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು: “ಗಡ್ಡೆ ನಾವು ಅಂದುಕೊಂಡಷ್ಟು ಕುಗ್ಗಲಿಲ್ಲ. ಕಾರಣ ಬೇರೆ ಬೇರೆ ಇರಬಹುದು. ಆದರೆ ಕೀಮೋ ನಡೆಯುವಾಗ ಬೀಡಿ ಸೇದಿದರೆ ಮದ್ದು ಸರಿಯಾಗಿ ಹಿಡಿಯದೆ ಇರಬಹುದು, ಸೋಂಕೂ ಬೇಗ ತಾಗ್ತದೆ. ಈಗ ಬಿಟ್ಟರೂ ಪ್ರಯೋಜನ ಉಂಟು. ಹಿಂದೆ ಸೇದಿದ್ದರೂ ಹೇಳಿ, ಮುಂದಿನ ಮದ್ದು ಯಾವುದು ಅಂತ ನೋಡ್ಲಿಕ್ಕೆ ಅದು ಬೇಕು.”

“ಇಲ್ಲ ಡಾಕ್ಟ್ರೇ,” ಎಂದ ತಮ್ಮ.

ನನಗೆ ಪಿತ್ತ ನೆತ್ತಿಗೇರಿತು. “ಎಂತ ಇಲ್ಲ ಮಾರಾಯ? ನಲವತ್ತು ವರ್ಷದಿಂದ ಸೇದ್ತಾ ಇದ್ದಾನೆ ಡಾಕ್ಟ್ರೇ, ನಿನ್ನೆಯೂ ಸೇದಿದ್ದಾನೆ. ನಾನು ಕಟ್ಟಿದ ಬೀಡಿಯೇ. ಬರ್ಕೊಳ್ಳಿ.”

ತಮ್ಮ ತಲೆ ಎತ್ತಲಿಲ್ಲ. ಡಾಕ್ಟರು ಬೈಯಲಿಲ್ಲ. ಹಳೆಯದನ್ನು ಹೊಡೆದು ಹಾಕಿ ಹೊಸತಾಗಿ ಬರೆದರು.

ಊರಿಗೆ ಹೊರಟ ಬಸ್ಸು ಉಡುಪಿ ದಾಟಿತು. ಕಟಪಾಡಿ ಹತ್ತಿರ ಬಂದಾಗ ಅವನು ಅಂಗಿಯ ಜೇಬಿನಿಂದ ಅರ್ಧ ಕಟ್ಟು ಬೀಡಿ ತೆಗೆದು ನನ್ನ ಮಡಿಲಲ್ಲಿಟ್ಟ.

“ಅಕ್ಕ, ನಿನಗೆ ಯಾವಾಗಿಂದ ಗೊತ್ತುಂಟು?”

“ನೀನು ಮೊದಲ ಸಲ ಕದ್ದ ದಿನದಿಂದ.”

“ಆಗಲೇ ಒಂದು ಪೆಟ್ಟು ಕೊಟ್ಟಿದ್ದರೆ ಬಿಡ್ತಿದ್ದೆನಲ್ಲ ಅಕ್ಕ,” ಎಂದ.

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ತಿರುಗಿ ಬೈಯುತ್ತಿದ್ದೆ. ಕಾಪು ಬರುವವರೆಗೆ ಆ ಬೀಡಿಗಳನ್ನು ಹಿಡಿದುಕೊಂಡು, ಸೆರಗಿನಿಂದ ಕಣ್ಣೊರೆಸುತ್ತ ಕೂತಿದ್ದೆ.